ಹಳೇ ಪುಸ್ತಕ ಸಂಗ್ರಹಿಸುತ್ತೀರಾ? ಮೊದಲು ಜಾಹೀರಾತು ಓದಿ

ಜಾಹೀರಾತು ಕಂಪನಿಯ ಕೆಲಸ ಬಿಟ್ಟು ಕುಮಟಾಕ್ಕೆ ಬಂದ ಮೇಲೆ ನನಗೆ ಹತ್ತಿದ ಚಟ ಹಳೇ ಪುಸ್ತಕ ಮತ್ತು ಅಚ್ಚಿನ ಚಿತ್ರಗಳದ್ದು. ಶುರು ಮಾಡಲು ಜಾಸ್ತಿ ದುಡ್ಡು ಬೇಡ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಮೆತ್ತನೆಯ ಬ್ರಶ್, ಪೆನ್ಸಿಲ್, ಒಂದು ನೋಟ್‌ಬುಕ್ ಸಾಕು.

ಮೊದಲು ವಿಷಯ ಆರಿಸಿ

ಸಿಕ್ಕಿದ್ದೆಲ್ಲ ತಂದರೆ ಮನೆಯೇ ಗುಜರಿ ಅಂಗಡಿಯಾಗುತ್ತದೆ. ನಮ್ಮ ಕರಾವಳಿಯ ಬಗ್ಗೆ ಎಲ್ಲರೂ ಹುಡುಕುವ ಪುಸ್ತಕಗಳಿವೆ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಬರೆದ, 1807ರಲ್ಲಿ ಮೂರು ಸಂಪುಟಗಳಲ್ಲಿ ಬಂದ ಪ್ರವಾಸ ಕಥನ, ಜಿಲ್ಲೆಯ ವಿವರಗಳನ್ನೆಲ್ಲ ಕೊಡುವ ಸರಕಾರಿ ಗ್ರಂಥ 1883ರ ಕೆನರಾ ಗೆಜೆಟಿಯರ್. ಮೂಲ ಮುದ್ರಣದ ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಓದಲು ಮೊಬೈಲಿನಲ್ಲೇ ಸಿಗುತ್ತವೆ, ಬಿಡಿ. ಯಾರೂ ಜೋಪಾನ ಮಾಡದ್ದನ್ನು ನೀವು ಹಿಡಿಯಿರಿ. ಯಕ್ಷಗಾನ ಪ್ರಸಂಗದ ಪುಸ್ತಕ, ಆಟದ ಹ್ಯಾಂಡ್‌ಬಿಲ್, ಶಾಲೆಯ ಪಠ್ಯ, ಸೋಪಿನ ಕಂಪನಿಯವರು ಹಂಚಿದ ದೇವರ ಕ್ಯಾಲೆಂಡರ್, ಬಟ್ಟೆಯ ತಾನಿಗೆ ಅಂಟಿಸುತ್ತಿದ್ದ ಬಣ್ಣದ ಲೇಬಲ್. ಇವು ಸಿಗುವುದು ಗುಜರಿಯಲ್ಲಿ, ಇಲ್ಲವೇ ಹಳೇ ಮನೆ ಕೆಡವುವಾಗ. ಶಿರಸಿ, ಸಿದ್ದಾಪುರದ ಕಡೆ ಹೋದರೆ ಚಾ ಕುಡಿದು ನಿಧಾನಕ್ಕೆ ಕೇಳಿ: ‘ಅಟ್ಟದ ಮೇಲೆ ಹಳೇ ಕಾಗದ ಏನಾದರೂ ಇದೆಯಾ, ಹೆಗಡೇರೇ?’

ಕಾಲ ಪತ್ತೆ ಮಾಡುವುದು

ಎಷ್ಟೋ ಪುಸ್ತಕಗಳಿಗೆ ಮೊದಲ ಪುಟವೇ ಇರುವುದಿಲ್ಲ. ಆಗ ಹಿಂದಿನ ಜಾಹೀರಾತಿನ ಪುಟ ತೆರೆಯಿರಿ. ನನ್ನ ಹಳೇ ಕಸುಬು ಉಪಯೋಗಕ್ಕೆ ಬಂದದ್ದು ಇಲ್ಲಿ.

ಬೆಲೆ ಆಣೆಯಲ್ಲಿದ್ದರೆ ಹೆಚ್ಚಾಗಿ 1957ರ ಏಪ್ರಿಲ್‌ಗಿಂತ ಹಿಂದಿನದು. ಆಣೆಯ ಬದಲು ಬಂದ ‘ನಯೇ ಪೈಸೆ’ ಎಂದಿದ್ದರೆ 1957ರಿಂದ 1964ರ ಆಸುಪಾಸು. ಅಂಗಡಿಯ ವಿಳಾಸದಲ್ಲಿ ‘ಮುಂಬಯಿ ಪ್ರಾಂತ’ ಇದೆಯಾ? ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿಗೆ ಸೇರಿತ್ತು. ‘ಮೈಸೂರು ರಾಜ್ಯ’ ಎಂದಿದ್ದರೆ 1956ರಿಂದ 1973ರ ನಡುವಿನದು. ಪಿನ್‌ಕೋಡ್ ಕಂಡರೆ 1972ರ ಆಗಸ್ಟ್ ನಂತರದ್ದು. ಶಕ ವರ್ಷ ಕೊಟ್ಟಿದ್ದರೆ 78 ಕೂಡಿಸಿ. ಶಕ 1816 ಅಂದರೆ ಸುಮಾರು 1894.

ಹ್ಯಾಂಡ್‌ಬಿಲ್ ಇನ್ನೂ ಮಜಾ. ತಾರೀಕು, ವಾರ ಇರುತ್ತದೆ, ಇಸವಿಯೇ ಇರುವುದಿಲ್ಲ. ನಾಳೆಯ ಆಟಕ್ಕೆ ಇಸವಿ ಯಾಕೆ, ಅಲ್ವಾ? ಮೊಬೈಲಿನ ಕ್ಯಾಲೆಂಡರ್ ಹಿಂದಕ್ಕೆ ಸರಿಸಿ ಆ ತಾರೀಕಿಗೆ ಆ ವಾರ ಬಂದ ವರ್ಷಗಳನ್ನು ಬರೆದುಕೊಳ್ಳಿ. ಆಮೇಲೆ ಮೇಳದ ಹೆಸರು, ಕಲಾವಿದರ ಹೆಸರು ನೋಡಿ. ಇಡಗುಂಜಿ ಮೇಳ ಹುಟ್ಟಿದ್ದು 1934ರಲ್ಲಿ, ಹಾಗಾಗಿ ಅದರ ಹ್ಯಾಂಡ್‌ಬಿಲ್ ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ.

ಹೊಸದಾಗಿ ಬೈಂಡ್ ಮಾಡಿಸುವಾಗ ಇಂಥ ಪುಟಗಳನ್ನು ಕಸವೆಂದು ಕಿತ್ತು ಬಿಸಾಡುತ್ತಾರೆ. ಬೈಂಡಿಂಗ್‌ನವರಿಗೆ ಮೊದಲೇ ಹೇಳಿಡಿ.

ಚಿತ್ರ ಹಳೆಯದೋ, ಹೊಸದೋ?

ರವಿವರ್ಮ ತಮ್ಮ ಪ್ರೆಸ್ ಶುರು ಮಾಡಿದ್ದು 1894ರಲ್ಲಿ, ಮುಂಬಯಿಯಲ್ಲಿ. ಅಂದಿನಿಂದ ಇಂದಿನವರೆಗೂ ಆ ಚಿತ್ರಗಳ ನಕಲು ಬರುತ್ತಲೇ ಇದೆ. ಚೌಕಟ್ಟು ಹಳೆಯದೆಂದು ಮರುಳಾಗಬೇಡಿ. ಭೂತಗನ್ನಡಿ ಹಿಡಿದು ಮುಖದ ಭಾಗ ನೋಡಿ. ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕಿಗಳು ಅಳೆದಿಟ್ಟಂತೆ ಸಾಲಾಗಿದ್ದರೆ ಅದು ಆಫ್‌ಸೆಟ್ ಮುದ್ರಣ, ಅಂದರೆ ಹೊಸ ನಕಲು. ರವಿವರ್ಮರ ಪ್ರೆಸ್ಸಿನ ಹಳೇ ಚಿತ್ರಗಳು ಕಲ್ಲಚ್ಚಿನವು (ಲಿಥೋಗ್ರಫಿ), ಅಂದರೆ ಕಲ್ಲಿನ ಮೇಲೆ ಚಿತ್ರ ಬರೆದು ಒತ್ತಿದವು. ಅದರಲ್ಲಿ ಚುಕ್ಕಿ ಒಂದೇ ಅಳತೆಯಲ್ಲಿರುವುದಿಲ್ಲ, ರವೆ ಚೆಲ್ಲಿದ ಹಾಗೆ ಕಾಣುತ್ತದೆ.

ಮಳೆಗಾಲ

ಕಾರವಾರದಿಂದ ಭಟ್ಕಳದವರೆಗೆ ಕಾಗದಕ್ಕೆ ದೊಡ್ಡ ಶತ್ರು ತೇವ. ಗಾಳಿಯ ತೇವಾಂಶ ಶೇಕಡಾ 65 ದಾಟಿದರೆ ಬೂಷ್ಟು ಹಿಡಿಯಲು ಶುರು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಕೆಳಗಿಳಿಯುವುದೇ ಅಪರೂಪ. ಕಪಾಟನ್ನು ಹೊರಗೋಡೆಗೆ ತಾಗಿಸಬೇಡಿ. ಪುಸ್ತಕ ಒತ್ತೊತ್ತಾಗಿ ತುರುಕಬೇಡಿ. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ. ಆದರೆ ತೇವವಿರುವ ಪುಸ್ತಕವನ್ನು ಹಾಗೆ ಮುಚ್ಚಿದರೆ ಬೂಷ್ಟಿಗೆ ಮನೆ ಕಟ್ಟಿಕೊಟ್ಟಂತೆ! ಉಪ್ಪುಗಾಳಿಗೆ ಪಿನ್ನು ಬೇಗ ತುಕ್ಕು ಹಿಡಿಯುತ್ತದೆ, ಅದನ್ನು ನಿಧಾನಕ್ಕೆ ತೆಗೆದು ದಾರ ಹಾಕಿ.

ಬೂಷ್ಟು ಬಂದರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ನೆರಳಲ್ಲಿ, ಗಾಳಿಯಲ್ಲಿ ಒಣಗಿಸಿ. ಆಮೇಲೆ ಮಾಸ್ಕ್ ಹಾಕಿಕೊಂಡು ಮನೆಯ ಹೊರಗೆ ಬ್ರಶ್ ಮಾಡಿ. ಹುಳ ಹಿಡಿದಿದ್ದರೆ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ಪುಟ ಬೆವರುತ್ತದೆ. ಮೀನಿನ ಪಕ್ಕ ಪುಸ್ತಕ ಇಡಲು ಮನೆಯವರನ್ನು ಒಪ್ಪಿಸುವ ಹೊಣೆ ನಿಮ್ಮದು.

ಹರಿದ ಪುಟಕ್ಕೆ ಸೆಲ್ಲೊಟೇಪ್ ಬೇಡ, ಕಂದು ಕಲೆ ಬಿಡುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ತೆಳ್ಳಗಿನ ಟಿಶ್ಯೂ ಕಾಗದ, ಬೇಯಿಸಿದ ಮೈದಾ ಅಂಟು ಸಾಕು. ಅದಾದರೆ ಮುಂದೆ ನೀರು ತಾಗಿಸಿ ಬಿಡಿಸಬಹುದು.

ಅಟ್ಟದಲ್ಲಿ ಕೈಬರಹದ ಕಟ್ಟು ಸಿಕ್ಕರೆ 1972ರ ಪ್ರಾಚ್ಯವಸ್ತು ಕಾನೂನು ಅದಕ್ಕೆ ಅನ್ವಯಿಸಬಹುದು. ಚರಿತ್ರೆ ಅಥವಾ ಸಾಹಿತ್ಯದ ದೃಷ್ಟಿಯಿಂದ ಬೆಲೆಯುಳ್ಳ 75 ವರ್ಷ ಹಳೆಯ ಹಸ್ತಪ್ರತಿಯನ್ನು, 100 ವರ್ಷ ದಾಟಿದ ಕಲಾಕೃತಿಯನ್ನು ಖಾಸಗಿಯವರು ದೇಶದಾಚೆ ಸಾಗಿಸುವಂತಿಲ್ಲ. ರಜೆಗೆ ಬಂದ ಮಗಳ ಸೂಟ್‌ಕೇಸಿಗೆ ನೆನಪಿನ ಕಾಣಿಕೆಯೆಂದು ಹಾಕುವ ಮುಂಚೆ ಇದನ್ನು ವಿಚಾರಿಸಿ.