ಸ್ತನದಲ್ಲಿ ಗಂಟು ಕಂಡಾಗ ಮುಂದೇನು?

ಸ್ತನ ಕ್ಯಾನ್ಸರ್ ಸ್ತನದೊಳಗೇ ಇರುವಾಗ ಪತ್ತೆಯಾದವರಲ್ಲಿ ಐದು ವರ್ಷದ ನಂತರ ಬದುಕುಳಿಯುವ ಪ್ರಮಾಣ, ಅಮೆರಿಕದ ಲೆಕ್ಕದ ಪ್ರಕಾರ, ಶೇ 99ಕ್ಕಿಂತ ಹೆಚ್ಚು. ಅದು ಕಂಕುಳಿನ ದುಗ್ಧರಸ ಗ್ರಂಥಿಗೆ (ಲಿಂಫ್ ನೋಡ್) ಹಬ್ಬಿದ್ದರೆ ಸುಮಾರು ಶೇ 87ಕ್ಕೂ, ಮೂಳೆ, ಶ್ವಾಸಕೋಶ ಅಥವಾ ಯಕೃತ್ತನ್ನು ತಲುಪಿದ್ದರೆ ಸುಮಾರು ಶೇ 32ಕ್ಕೂ ಇಳಿಯುತ್ತದೆ. ರೋಗ ಬೇಗ ಗೊತ್ತಾದರೆ ವರ್ಷಗಳ ಎಣಿಕೆಯೂ ಬೇಗ ಆರಂಭವಾಗುವುದರಿಂದ ಈ ಅಂತರವೆಲ್ಲ ಪತ್ತೆಯ ಫಲವೆನ್ನಲಾಗದು. ಬೇಗ ಪತ್ತೆಮಾಡಿದರೆ ಸಾವು ನಿಜಕ್ಕೂ ಕಡಿಮೆಯಾಗುತ್ತದೆಯೇ ಎಂದು ನೋಡಲು ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಮಹಿಳೆಯರ ಅಧ್ಯಯನ ಕೈಗೊಂಡರು. ಅವರಲ್ಲಿ ಅರ್ಧದಷ್ಟು ಮಂದಿಯನ್ನು ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದರು. ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ) ಇಲ್ಲದ ಈ ಸರಳ ತಪಾಸಣೆಯಿಂದ 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ 30ರಷ್ಟು ತಗ್ಗಿತು. ಕಿರಿಯರಲ್ಲಿ ಅಂತಹ ಇಳಿಕೆ ಕಾಣಲಿಲ್ಲ.

ಮೊದಲ ಹೆಜ್ಜೆ ಬದಲಾವಣೆಯನ್ನು ಗುರುತಿಸುವುದು. ಸ್ತನದಲ್ಲೋ ಕಂಕುಳಲ್ಲೋ ಗಟ್ಟಿ ಗಂಟು, ಕುಳಿ ಬಿದ್ದ ಚರ್ಮ, ಹೊಸದಾಗಿ ಒಳಸೇರಿದ ತೊಟ್ಟು, ತೊಟ್ಟಿನಿಂದ ರಕ್ತ: ಇವುಗಳಲ್ಲಿ ಯಾವುದು ಕಂಡರೂ ವೈದ್ಯರಿಗೆ ತೋರಿಸಬೇಕು. ಬಹುಪಾಲು ಗಂಟುಗಳು ಕ್ಯಾನ್ಸರ್ ಅಲ್ಲ ಎಂಬುದು ನಿಜ. ಆದರೆ ‘ನೋವಿಲ್ಲವಲ್ಲ, ನೋಡೋಣ’ ಎಂದು ತಿಂಗಳುಗಟ್ಟಲೆ ಕಾಯುವುದು ಅಪಾಯಕರ, ಏಕೆಂದರೆ ಆರಂಭದ ಕ್ಯಾನ್ಸರ್ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. ಯಾವ ತೊಂದರೆಯೂ ಇಲ್ಲದವರಿಗೂ 30 ವರ್ಷ ದಾಟಿದ ಮೇಲೆ ಐದು ವರ್ಷಕ್ಕೊಮ್ಮೆ ಸ್ತನ ತಪಾಸಣೆ ನಡೆಸುವ ಸರ್ಕಾರಿ ಕಾರ್ಯಕ್ರಮವಿದೆ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ವಿವರ ಸಿಗುತ್ತದೆ.

ಎರಡನೆಯದು ಖಚಿತಪಡಿಸುವುದು. ವೈದ್ಯರು ಬೆರಳುಗಳಿಂದ ಸಣ್ಣ ಸುತ್ತುಗಳಲ್ಲಿ ಒತ್ತುತ್ತಾ ಕಂಕುಳವರೆಗೆ ಪರೀಕ್ಷಿಸುತ್ತಾರೆ. ಬಳಿಕ ಮ್ಯಾಮೊಗ್ರಾಮ್, ಚಿಕ್ಕ ವಯಸ್ಸಿನವರಿಗೆ ಹೆಚ್ಚಾಗಿ ಅಲ್ಟ್ರಾಸೌಂಡ್. ಕೊನೆಗೆ ಬಯಾಪ್ಸಿ: ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಸ್ಪ್ರಿಂಗ್ ಸೂಜಿಯಿಂದ ದಾರದೆಳೆಯಷ್ಟು ತೆಳುವಾದ ಅಂಗಾಂಶದ ತುಣುಕುಗಳನ್ನು ತೆಗೆಯುತ್ತಾರೆ. ಸೂಜಿ ಹಾಕಿದರೆ ರೋಗ ಹರಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಬಯಾಪ್ಸಿಗೂ ಮುನ್ನ ಗಂಟನ್ನು ಕತ್ತರಿಸಿ ತೆಗೆಸಿಕೊಳ್ಳುವ ಅವಸರ ಬೇಡ, ಏಕೆಂದರೆ ಮೊದಲು ಕೀಮೊ (ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಔಷಧಿ) ಕೊಡಬೇಕೋ ಶಸ್ತ್ರಚಿಕಿತ್ಸೆ ಮಾಡಬೇಕೋ ಎಂಬುದು ಬಯಾಪ್ಸಿ ವರದಿಯಲ್ಲಿನ ಇ.ಆರ್., ಪಿ.ಆರ್. (ಕ್ಯಾನ್ಸರ್ ಹಾರ್ಮೋನಿಗೆ ಸ್ಪಂದಿಸುತ್ತದೆಯೇ ಎಂದು ತೋರಿಸುವವು), ಹರ್-2 (ಕ್ಯಾನ್ಸರ್ ಬೆಳೆಯಲು ನೆರವಾಗುವ ಪ್ರೋಟೀನ್) ಫಲಿತಾಂಶಗಳನ್ನೂ ಅವಲಂಬಿಸಿದೆ.

ಮೂರನೆಯದು ತಡಮಾಡದೆ ಚಿಕಿತ್ಸೆ ಆರಂಭಿಸುವುದು. ಶಸ್ತ್ರಚಿಕಿತ್ಸೆ ನಾಲ್ಕು ವಾರ ತಡವಾದರೆ ಸಾವಿನ ಸಾಧ್ಯತೆ ಶೇ 6ರಿಂದ 8ರಷ್ಟು ಏರುತ್ತದೆಂದು 2020ರ ವಿಶ್ಲೇಷಣೆಯೊಂದು ತೋರಿಸಿದೆ. ತೋರಿಸಿಕೊಂಡ 60 ದಿನಗಳೊಳಗೆ ರೋಗನಿರ್ಣಯ ಮುಗಿಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಗುರಿ. ಸ್ತನವನ್ನೇ ತೆಗೆಯುತ್ತಾರೆಂಬ ಹೆದರಿಕೆಯಿಂದ ಹಿಂಜರಿಯುವವರಿದ್ದಾರೆ. ಆರಂಭದ ಹಂತದ ಅನೇಕರಿಗೆ ಗಂಟನ್ನಷ್ಟೇ ತೆಗೆದು ವಿಕಿರಣ ಚಿಕಿತ್ಸೆ ಕೊಟ್ಟರೂ ಆಯುಸ್ಸು ಅಷ್ಟೇ ಇರುತ್ತದೆಂಬುದು ಇಪ್ಪತ್ತು ವರ್ಷಗಳ ಅಧ್ಯಯನಗಳಲ್ಲಿ ಸಿದ್ಧವಾಗಿದೆ. ಖರ್ಚಿನ ಚಿಂತೆಯಿದ್ದರೆ ಆಧಾರ್ ಮತ್ತು ಪಡಿತರ ಚೀಟಿಯೊಂದಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಯೋಜನೆಯ ಬಗ್ಗೆ ಮೊದಲೇ ವಿಚಾರಿಸಬೇಕು.

ನನ್ನ ದೃಷ್ಟಿಯಲ್ಲಿ ಹೆಚ್ಚು ಕಡೆಗಣನೆಗೆ ಒಳಗಾಗುವುದು ಕೊನೆಯ ಹೆಜ್ಜೆ, ಅಂದರೆ ಚಿಕಿತ್ಸೆಯನ್ನು ಪೂರ್ತಿ ಮಾಡುವುದು. ವಿಕಿರಣಕ್ಕೆ ವಾರಗಟ್ಟಲೆ ದಿನಾ ಹೋಗಬೇಕಾಗುವುದರಿಂದ ದೂರದ ಊರಿನವರು ವಸತಿಯ ವ್ಯವಸ್ಥೆಯನ್ನು ಮುಂಚಿತವಾಗಿಯೇ ಕೇಳಿಕೊಳ್ಳುವುದು ಒಳ್ಳೆಯದು. ಹಾರ್ಮೋನಿಗೆ ಸ್ಪಂದಿಸುವ ಕ್ಯಾನ್ಸರ್ ಇದ್ದವರು ಟ್ಯಾಮಾಕ್ಸಿಫೆನ್‌ನಂತಹ ಮಾತ್ರೆಯನ್ನು ಕನಿಷ್ಠ ಐದು ವರ್ಷ ದಿನಾ ನುಂಗಬೇಕಾಗುತ್ತದೆ. ಮೈ ಬಿಸಿಯೇರುವುದು, ಮುಟ್ಟಿನ ಏರುಪೇರು ಕಾಡಿದರೆ ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ಹೇಳಿದರೆ, ತೊಂದರೆ ತಗ್ಗಿಸುವ ಅಥವಾ ಔಷಧಿ ಬದಲಿಸುವ ದಾರಿಯನ್ನು ಅವರು ಸೂಚಿಸುತ್ತಾರೆ.