ಗೋಡೆ ಪಸೆ ಬಂದಿದೆಯೇ? ಪಕ್ಕದ ಮನೆಗೆ ಹೋಗುವ ಮೊದಲು ಇಷ್ಟು ನೋಡಿ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮದು ಪಾಲಾದ ಮನೆ. ನಡುವೆ ಒಂದೇ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗೋಡೆ. ಆಚೆ ಅವರು, ಈಚೆ ನಾವು. ಮೂರು ವರ್ಷದ ಹಿಂದೆ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನಮ್ಮ ದೇವರ ಕೋಣೆಯ ಗೋಡೆ ಪಸೆ ಬಂತು. ಸರಿಯಾಗಿ ಅದರ ಆಚೆಗೆ ಅವರ ಬಚ್ಚಲು. ಇನ್ನೇನು ಬೇಕು? ‘ನಿಮ್ಮ ಬಚ್ಚಲಿನ ನೀರು ನಮ್ಮ ದೇವರ ತಲೆ ಮೇಲೆ’ ಎಂದು ಹೇಳಿಬಿಟ್ಟೆ. ಎರಡು ತಿಂಗಳು ಮಾತಿಲ್ಲ. ಕೊನೆಗೆ ನೋಡಿದರೆ ತಪ್ಪು ನಮ್ಮದೇ ಛಾವಣಿಯ ಅಂಚಿನಲ್ಲಿ ಮಳೆನೀರು ಹಿಡಿಯುವ ದಂಬೆಯದ್ದು. ಹಲಸಿನ ಎಲೆ ತುಂಬಿ ನೀರು ಹಿಂದಕ್ಕೆ ತುಳುಕಿ, ಗೋಡೆಯ ತಲೆಯಿಂದ ಒಳಗೆ ಇಳಿಯುತ್ತಿತ್ತು.

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಗೋಡೆ ಪಸೆ ಬರುವುದು ದೊಡ್ಡ ಸುದ್ದಿ ಅಲ್ಲ. ನೀರು ಎಲ್ಲಿಂದ ಬಂತು ಅನ್ನುವುದೇ ತಕರಾರು.

ಮೊದಲು ಒಂದು ಪೆನ್ಸಿಲು ತೆಗೆದುಕೊಳ್ಳಿ. ಪಸೆಯ ಅಂಚಿಗೆ ಗೆರೆ ಎಳೆದು ತಾರೀಕು ಬರೆಯಿರಿ. ಜೋರು ಮಳೆಯ ಮರುದಿನ ಪಸೆ ಗೆರೆ ದಾಟಿ, ನಾಲ್ಕು ದಿನ ಬಿಸಿಲು ಬಂದಾಗ ಹಿಂದೆ ಸರಿದರೆ ಅದು ಮಳೆನೀರು. ಮಾರ್ಚ್‌ ಬಿಸಿಲಿಗೂ ಒಣಗದಿದ್ದರೆ ಪೈಪನ್ನೋ ಬಚ್ಚಲನ್ನೋ ಸಂಶಯಪಡಬಹುದು.

ಎತ್ತರವನ್ನೂ ನೋಡಿ. ನೆಲದಿಂದ ಎರಡು ಮೂರು ಅಡಿವರೆಗೆ ಮಾತ್ರ ಪಸೆ ಇದ್ದು, ಅದರ ಮೇಲಂಚಿನಲ್ಲಿ ಬಿಳಿ ಉಪ್ಪು ಹೂ ಬಿಟ್ಟ ಹಾಗಿದ್ದರೆ ನೀರು ಹೆಚ್ಚಾಗಿ ಪಂಚಾಂಗದಿಂದ, ಅಂದರೆ ಅಡಿಪಾಯದಿಂದ, ಮೇಲೆ ಏರುತ್ತಿದೆ. ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಮುರಕಲ್ಲು ನೀರು ಹೀರುತ್ತದೆ. ಹಳೇ ಮನೆಗಳ ಪಂಚಾಂಗದ ಮೇಲೆ ಪಸೆ ತಡೆಯುವ ಕಾಂಕ್ರೀಟ್ ಪಟ್ಟಿ ಇರುವುದು ಕಡಿಮೆ. ಮೇಲಿನಿಂದ ಇಳಿದಿದ್ದರೆ ಮಾಡು (ಛಾವಣಿ), ದಂಬೆ, ಎರಡು ಮಾಡು ಕೂಡುವ ಜಾಗ ನೋಡಿ. ಗೋಡೆಯ ಮಧ್ಯದಲ್ಲಿ ತಟ್ಟೆಯಷ್ಟು ಅಗಲಕ್ಕೆ ಮಾತ್ರ ಇದ್ದರೆ ಅಲ್ಲೇ ಪೈಪು ಹೋಗಿರಬಹುದು.

ಕೆಲವೊಮ್ಮೆ ನೀರು ಹೊರಗಿನದ್ದೇ ಅಲ್ಲ. ಮಳೆಗಾಲದಲ್ಲಿ ಕಿಟಕಿ ಮುಚ್ಚಿ ಕೋಣೆಯೊಳಗೆ ಬಟ್ಟೆ ಒಣಗಿಸುತ್ತೇವೆ, ಅಲ್ವಾ? ಆ ಆವಿ ತಣ್ಣಗಿನ ಗೋಡೆಗೆ ತಾಗಿ ನೀರಾಗುತ್ತದೆ, ಕಪಾಟಿನ ಹಿಂದೆ ಬೂಷ್ಟು ಹಿಡಿಯುತ್ತದೆ. ಒಂದು ಅಡಿ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಬದಿ ಟೇಪ್ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹನಿ ಕೋಣೆಯ ಬದಿಗಿದ್ದರೆ ಆವಿ, ಗೋಡೆಯ ಬದಿಗಿದ್ದರೆ ಗೋಡೆಯೊಳಗಿನ ನೀರು.

ಪೈಪಿನ ಪರೀಕ್ಷೆ ರಾತ್ರಿ ಮಾಡಬೇಕು. ಮೀಟರ್ ಇದ್ದರೆ ಎಲ್ಲ ನಲ್ಲಿ ಮುಚ್ಚಿ ಅಂಕಿ ಬರೆದಿಡಿ, ಬೆಳಗ್ಗೆ ಹೋಲಿಸಿ. ಬಾವಿ ನೀರಿನವರು ಟ್ಯಾಂಕಿಗೆ ಕೋಲು ಇಳಿಸಿ ನೀರಿನ ಮಟ್ಟಕ್ಕೆ ಗುರುತು ಹಾಕಿ. ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಕಕ್ಕಸಿನ ಫ್ಲಶ್ ಸೋರಿದರೂ ಮಟ್ಟ ಇಳಿಯುತ್ತದೆ, ಅದನ್ನು ಮರೆಯಬೇಡಿ.

ಇನ್ನು ಬಚ್ಚಲು. ನೀರು ಹೋಗುವ ತೂತು ಮುಚ್ಚಿ, ಒಂದು ಇಂಚು ನೀರು ನಿಲ್ಲಿಸಿ, ಜಿಲೇಬಿಗೆ ಹಾಕುವಂಥ ಬಣ್ಣ ಕಲಸಿ. ಕೆಂಪು, ಕೇಸರಿ ಬೇಡ, ಮುರಕಲ್ಲಿನ ಬಣ್ಣದಲ್ಲಿ ಗೊತ್ತೇ ಆಗುವುದಿಲ್ಲ. ಹಸಿರು ಒಳ್ಳೆಯದು. ಈಚೆ ಗೋಡೆಯಲ್ಲಿ ಹಸಿರು ಕಂಡರೆ ಮಾತು ಮುಗಿಯಿತು. ಕಾಣದಿದ್ದರೆ ಬಚ್ಚಲು ನಿರಪರಾಧಿ ಎಂದು ಹೇಳಲಾಗದು, ಕಲ್ಲೇ ಬಣ್ಣವನ್ನು ಹಿಡಿದಿಡಬಹುದು. ಈ ಪರೀಕ್ಷೆ ಮಾತ್ರ ಎರಡೂ ಮನೆಯವರು ಒಟ್ಟಿಗೆ ನಿಂತು ಮಾಡಬೇಕು. ಬಣ್ಣ ಕಲಸುವುದನ್ನು ಅವರ ಕೈಗೇ ಬಿಡಿ. ನಮ್ಮಲ್ಲಿ ಹಸಿರು ಕಾಣಲೇ ಇಲ್ಲ. ಆಮೇಲೆ ಏಣಿ ಇಟ್ಟು ದಂಬೆ ನೋಡಿದವರು ಪಕ್ಕದ ಮನೆಯವರೇ. ಒಂದು ಹಿಡಿ ಕೊಳೆತ ಎಲೆ ತೆಗೆದು ನನ್ನ ಮುಂದೆ ಹಿಡಿದರು. ಏನೂ ಹೇಳಲಿಲ್ಲ, ಪುಣ್ಯಕ್ಕೆ.

ಈಚೆಗೆ ಜಗಳ ಜಾಸ್ತಿಯಾಗುವುದು ಅಂಗಳದಿಂದ. ಒಬ್ಬರು ಮಣ್ಣು ಹಾಕಿ ಎತ್ತರಿಸಿ ಇಂಟರ್‌ಲಾಕ್ ಕೂರಿಸುತ್ತಾರೆ. ಅವರ ಅಂಗಳ ಇವರ ಮನೆಯ ನೆಲಕ್ಕಿಂತ ಮೇಲಾಗುತ್ತದೆ. ಇಂಗಬೇಕಾದ ನೀರು ಗೋಡೆಯ ಬುಡಕ್ಕೆ ಬಂದು ನಿಲ್ಲುತ್ತದೆ. ಹೊರಗಿನ ಮಣ್ಣು ಒಳಗಿನ ನೆಲಕ್ಕಿಂತ ಕಡೇಪಕ್ಷ ಅರ್ಧ ಅಡಿ ಕೆಳಗಿರಬೇಕು. ಇದಕ್ಕೆ ಗೋಡೆಗೆ ಪೈಂಟ್ ಬಳಿದು ಸುಖವಿಲ್ಲ, ಬುಡದಲ್ಲಿ ನೀರು ಹರಿದುಹೋಗಲು ಕಣಿ ತೆಗೆಯಬೇಕು. ವಾಟರ್‌ಪ್ರೂಫ್ ಪೈಂಟಿನ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ಜಂಟಿ ಗೋಡೆಯ ಒಂದು ಮುಖ ಮುಚ್ಚಿದರೆ ಒಳಗಿನ ನೀರು ಇನ್ನೊಂದು ಮುಖದಲ್ಲಿ ಹೊರಬರುತ್ತದೆ, ಅಂದರೆ ಪಕ್ಕದ ಮನೆಯಲ್ಲಿ.

ಅವರ ಮಾಡಿನ ನೀರು ನಿಮ್ಮ ಅಂಗಳಕ್ಕೆ ಬೀಳುತ್ತಿದ್ದರೆ ಮನೆಯ ಹಿರಿಯರನ್ನು ಕೇಳಿ, ಎಷ್ಟು ವರ್ಷದಿಂದ ಎಂದು. ಹಕ್ಕೆಂಬಂತೆ, ಬಹಿರಂಗವಾಗಿ, ತಡೆಯಿಲ್ಲದೆ 20 ವರ್ಷ ಬಿದ್ದಿದ್ದರೆ 1882ರ ಈಸ್‌ಮೆಂಟ್ (ಇನ್ನೊಬ್ಬರ ಜಾಗದ ಮೇಲಿನ ಬಳಕೆಯ ಹಕ್ಕಿನ) ಕಾಯ್ದೆ ಅವರ ಪರವಾಗಬಹುದು.

ಮಾತಿನಲ್ಲಿ ಮುಗಿಯದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. ಕೇಸು ಹಾಕುವ ಮೊದಲೇ ಲೋಕ ಅದಾಲತ್‌ನಲ್ಲಿ ಕೂತು ಮಾತಾಡಲು ಅವಕಾಶವಿದೆ. ಅಲ್ಲಿ ಇಬ್ಬರೂ ಒಪ್ಪಿದ ರಾಜಿಗೆ ಕೋರ್ಟಿನ ಡಿಕ್ರಿಯಷ್ಟೇ ಬೆಲೆ, ಮೇಲ್ಮನವಿ ಇಲ್ಲ. ತಾರೀಕು ಹಾಕಿದ ಗೆರೆಯ ಫೋಟೊಗಳು ಆಗ ಕೆಲಸಕ್ಕೆ ಬರುತ್ತವೆ.

ಸೋರುವುದು ನಿಂತ ಕೂಡಲೇ ಬಣ್ಣ ಹೊಡೆಯಬೇಡಿ. ಮುರಕಲ್ಲು ಒಣಗಲು ತಿಂಗಳುಗಳೇ ಬೇಕು. ಉಪ್ಪನ್ನು ಒಣ ಬ್ರಷ್‌ನಿಂದ ಉದುರಿಸಿ, ನೀರು ಹಾಕಿ ಒರೆಸಿದರೆ ಅದು ಮತ್ತೆ ಒಳಗೆ ಹೋಗುತ್ತದೆ. ನಾವು ಸೆಪ್ಟೆಂಬರ್‌ನಲ್ಲಿ ದಂಬೆ ಸರಿ ಮಾಡಿ, ಜನವರಿಯಲ್ಲಿ ಸುಣ್ಣ ಬಳಿದೆವು.