ನಿಮ್ಮ ಮನೆಯ ಪ್ಲಾಸ್ಟಿಕ್ ಲೆಕ್ಕ ನೀವೇ ಹಾಕಿ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಳೆದ ವರ್ಷ ಈ ಲೆಕ್ಕ ಮಾಡಿದಾಗ ಒಂದು ಮನೆಯಲ್ಲಿ ವಾರಕ್ಕೆ ನಾಲ್ಕು ಕೆಜಿ ಬಂತು. ಹೋಗಿ ನೋಡಿದರೆ ಅರ್ಧ ತೂಕ ಕವರ್‌ಗಳಲ್ಲಿ ಉಳಿದ ಹಾಲು, ನೀರು, ಸಾಂಬಾರಿನದು!

ಹಬ್ಬ, ನೆಂಟರು ಇಲ್ಲದ ಒಂದು ವಾರ ಆರಿಸಿಕೊಳ್ಳಿ. ಸಿಂಕ್ ಪಕ್ಕ ಒಂದು ಗೋಣಿಚೀಲ ತೂಗುಹಾಕಿ. ಕವರ್‌ಗಳನ್ನು ತೊಳೆದು, ಬಟ್ಟೆ ಒಣಗಿಸುವ ತಂತಿಗೆ ಕ್ಲಿಪ್ ಹಾಕಿ ಪೂರ್ತಿ ಒಣಗಿಸಿ. ಹಾಲಿನ ಕವರ್ ಕತ್ತರಿಸುವಾಗ ಮೂಲೆಯ ಚೂರು ಬೇರೆಯಾದರೆ ಅದನ್ನೂ ಚೀಲಕ್ಕೆ ಹಾಕಿ. ಚರಂಡಿ ಸೇರುವುದು ಆ ಚೂರೇ.

ಎಲ್ಲರೂ ಎಡವುವುದು ವಿಂಗಡಣೆಯಲ್ಲಿ. ತಳದ ತ್ರಿಕೋನದೊಳಗಿನ ಅಂಕಿ ನೋಡಿ: ನೀರಿನ ಬಾಟಲಿಗೆ 1, ಶಾಂಪೂ ಬಾಟಲಿಗೆ ಸಾಮಾನ್ಯವಾಗಿ 2, ಹೋಟೆಲಿನ ಪಾರ್ಸೆಲ್ ಡಬ್ಬಿಗೆ ಹೆಚ್ಚಾಗಿ 5. ಚಿಪ್ಸ್, ಬಿಸ್ಕತ್ತು, ಸ್ಯಾಶೆಗಳಲ್ಲಿ ಅನೇಕ ಸಲ ಅಂಕಿಯೇ ಸಿಗದು. ಒಳಗೆ ಬೆಳ್ಳಿಯಂತೆ ಹೊಳೆಯುವುದನ್ನು ಮುಷ್ಟಿಯಲ್ಲಿ ಮುದುಡಿ ಬಿಡಿ. ಮತ್ತೆ ಬಿಚ್ಚಿಕೊಂಡರೆ ಪ್ಲಾಸ್ಟಿಕ್, ಮುದುಡಿದಂತೆಯೇ ಕುಳಿತರೆ ಅಲ್ಯೂಮಿನಿಯಂ ಫಾಯಿಲ್. ಜ್ಯೂಸಿನ ಟೆಟ್ರಾ ಪ್ಯಾಕ್‌ನಲ್ಲಿ ಕಾಗದ, ಪ್ಲಾಸ್ಟಿಕ್, ಅಲ್ಯೂಮಿನಿಯಂ ಮೂರೂ ಇರುವುದರಿಂದ ಅದಕ್ಕೆ ಪಟ್ಟಿಯಲ್ಲಿ ಬೇರೆ ಸಾಲು. ಹಸಿರು ಎಲೆಯ ಚಿತ್ರ ಹಾಕಿ ‘ಪರಿಸರಸ್ನೇಹಿ’ ಎಂದು ಮಾರುವ ಕವರ್‌ಗಳಿಗೆ ಮರುಳಾಗಬೇಡಿ. ಪ್ರಮಾಣಪತ್ರದ ಸಂಖ್ಯೆ ಇಲ್ಲದಿದ್ದರೆ ಪ್ಲಾಸ್ಟಿಕ್ ಎಂದೇ ಬರೆಯಿರಿ.

ತೂಕ ಒಂದನ್ನೇ ನಂಬಬೇಡಿ, ಎಣಿಕೆಯೂ ಬೇಕು. ಎರಡು ಶಾಂಪೂ ಬಾಟಲಿಯ ತೂಕದ ಮುಂದೆ ಮೂವತ್ತು ಸ್ಯಾಶೆ ಏನೂ ಅಲ್ಲ, ಆದರೆ ಗುಜರಿಯವರು ಬಾಟಲಿ ಒಯ್ಯುತ್ತಾರೆ, ಸ್ಯಾಶೆ ಮುಟ್ಟುವುದಿಲ್ಲ. ಅಡುಗೆಮನೆಯ ತಕ್ಕಡಿಗೆ ಒಂದು ಸ್ಯಾಶೆ ಇಟ್ಟರೆ ಸೊನ್ನೆ ತೋರಿಸುತ್ತದೆ. ಇಪ್ಪತ್ತನ್ನು ಒಟ್ಟಿಗೆ ತೂಗಿ ಭಾಗಿಸಿ. ಫೋಟೊ ನೋಡಿ ತೂಕ ಹೇಳುವ ಆ್ಯಪ್‌ಗಳ ಗೊಡವೆ ಬೇಡ.

ಒಟ್ಟನ್ನು 52ರಿಂದ ಗುಣಿಸಿ, ಮನೆಮಂದಿಯ ಸಂಖ್ಯೆಯಿಂದ ಭಾಗಿಸಿ. ದಿನಕ್ಕೆ ಅರ್ಧ ಲೀಟರಿನ ಎರಡು ಪ್ಯಾಕೆಟ್ ಹಾಲು ತರುವ ಮನೆಯಲ್ಲಿ ವರ್ಷಕ್ಕೆ 730 ಕವರ್. ಒಂದು ಲೀಟರಿನ ಪ್ಯಾಕೆಟ್ ತಂದರೆ 365. ಇಂಥದ್ದೊಂದು ಸಾಲು ಫ್ರಿಜ್ ಬಾಗಿಲಿಗೆ ಅಂಟಿಸಿದರೆ ಸಾಕು, ಬಣ್ಣಬಣ್ಣದ ಗ್ರಾಫ್ ಬೇಡ. 2022ರ ಮೇ ತಿಂಗಳಲ್ಲಿ ಬ್ರಿಟನ್ನಿನ ಲಕ್ಷದ ಹತ್ತಿರ ಮನೆಗಳು ಹೀಗೇ ಒಂದು ವಾರ ಎಣಿಸಿದವು. ಸರಾಸರಿ ಮನೆಗೆ 66 ಪ್ಯಾಕಿಂಗ್ ತುಂಡು. ನಮ್ಮ ಮನೆಯಲ್ಲಿ 71 ಬಂದಾಗ ಯಜಮಾನರು ಎರಡು ಸಲ ಎಣಿಸಿದರು.

ಒಂದೇ ಒಂದು ಅಭ್ಯಾಸ ಬದಲಿಸಿ, ಎರಡು ತಿಂಗಳ ಬಳಿಕ ಮತ್ತೆ ಎಣಿಸಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಇಳಿಯಿತೆಂದು ಗೊತ್ತಾಗದು.

ಎಣಿಸಿದ ಚೀಲವನ್ನು ಒಣಕಸದ ದಿನ ಕೊಟ್ಟುಬಿಡಿ. ಹಾಲಿನ ಕವರ್ ಮಾತ್ರ ಬೇರೆ ಕಟ್ಟಿಡಿ, ಗುಜರಿ ಅಂಗಡಿಯಲ್ಲಿ ತೂಕಕ್ಕೆ ಕೊಳ್ಳುತ್ತಾರೆ.